ನೀಲಿ ಚುಕ್ಕಿಯೂ ಅಪ್ಪನ ಸರಪಳಿಯೂ

ನಾವು ಬೇ ಏರಿಯಾಕ್ಕೆ ಬಂದಿಳಿದದ್ದು 1999ರಲ್ಲಿ. ಆಗ ಯಾರ ಮನೆಗಾದರೂ ಸತ್ಯನಾರಾಯಣ ಪೂಜೆಗೋ ಗಣೇಶನ ಹಬ್ಬಕ್ಕೋ ಹೋಗಬೇಕಾದರೆ ಹಿಂದಿನ ದಿನವೇ ಆಫೀಸಿನಲ್ಲಿ ಮ್ಯಾಪ್‌ಕ್ವೆಸ್ಟ್‌ನಿಂದ ದಾರಿಯನ್ನು ಪ್ರಿಂಟ್ ತೆಗೆದು ತರುವುದು ಪದ್ಧತಿ. ನಾನು ಸ್ಟೀರಿಂಗ್ ಹಿಡಿಯಬೇಕು, ನನ್ನಾಕೆ ಪಕ್ಕದಲ್ಲಿ ಕೂತು ಹಾಳೆ ಓದಬೇಕು. "0.3 ಮೈಲಿ ಆದ ಮೇಲೆ ಎಡಕ್ಕೆ" ಎಂದು ಅವಳು ಓದಿ ಮುಗಿಸುವಷ್ಟರಲ್ಲಿ ಆ ಎಡ ಹಿಂದೆ ಉಳಿದಿರುತ್ತಿತ್ತು. ಕ್ಯಾಲಿಫೋರ್ನಿಯಾದ ಫ್ರೀವೇ ಎಕ್ಸಿಟ್‌ಗಳಿಗೆ ರಾಜ್ಯದಾದ್ಯಂತ ನಂಬರು ಹಾಕಲು ಶುರು ಮಾಡಿದ್ದೇ 2002ರಲ್ಲಿ. ಅಲ್ಲಿಯವರೆಗೆ ಹೆಸರೇ ಗತಿ. ಫ್ರೀಮಾಂಟಿನಲ್ಲಿ 680ರ ಮೇಲೆ ಹೋಗುವಾಗ 'ಮಿಷನ್ ಬುಲೆವಾರ್ಡ್' ಎಂಬ ಎಕ್ಸಿಟ್ ಒಂದಲ್ಲ, ಎರಡು ಬರುತ್ತವೆ, ಮೈಲಿಗಟ್ಟಲೆ ಅಂತರದಲ್ಲಿ! ನಮ್ಮ ಮೊದಲ ವರ್ಷದ ಎಷ್ಟು ಕೋಸಂಬರಿ, ಎಷ್ಟು ಬಿಸಿಬೇಳೆಭಾತ್ ಆ ಎರಡನೆಯ ಮಿಷನ್ ಬುಲೆವಾರ್ಡಿನಲ್ಲಿ ತಣ್ಣಗಾದವೋ ಲೆಕ್ಕವಿಲ್ಲ. ಹಳಬರ ಕಾರಿನಲ್ಲಿ ಮಾತ್ರ ಸ್ಪೈರಲ್ ಬೈಂಡಿನ ದಪ್ಪ ಥಾಮಸ್ ಗೈಡ್ ಇರುತ್ತಿತ್ತು. ಆ ನಕ್ಷೆಯ ಕಂಪನಿ 1915ರಲ್ಲಿ ಹುಟ್ಟಿದ್ದು ನಮ್ಮ ಓಕ್ಲೆಂಡಿನಲ್ಲೇ.

ಆಮೇಲೆ ಫೋನಿನೊಳಗೆ ನೀಲಿ ಚುಕ್ಕಿ ಬಂತು. ದಾರಿ ಹುಡುಕುವ ಜವಾಬ್ದಾರಿ ಹೆಂಡತಿಯಿಂದ ಚುಕ್ಕಿಗೆ ವರ್ಗವಾಯಿತು, ಸಂಸಾರದಲ್ಲಿ ಒಂದಿಷ್ಟು ಶಾಂತಿ ನೆಲೆಸಿತು. ನಾನು ಸಾಫ್ಟ್‌ವೇರ್ ಮನುಷ್ಯ. ಆದರೂ ಆ ಚುಕ್ಕಿ ಏನು, ಎಲ್ಲಿಂದ ಬಂತು, ಯಾವಾಗ ಸುಳ್ಳು ಹೇಳುತ್ತದೆ ಎಂದು ಯೋಚಿಸಿರಲಿಲ್ಲ. ಅದನ್ನು ಕಲಿಸಿದ್ದು 2018ರಲ್ಲಿ ಆರು ತಿಂಗಳಿಗೆಂದು ಇಲ್ಲಿಗೆ ಬಂದ ನಮ್ಮ ಅಪ್ಪ. ಅದೂ ನನ್ನ ತಪ್ಪಿನಿಂದ, ಅವರು ಕಳೆದುಹೋಗುವ ಮೂಲಕ.

ಅಪ್ಪ ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಭೂಮಾಪಕರಾಗಿದ್ದವರು. ತಿಪಟೂರಿನ ಸುತ್ತಮುತ್ತ ಅವರು ಸರಪಳಿ ಎಳೆಸದ ಹೊಲವಿಲ್ಲ, ಹದ್ದುಬಸ್ತು ಮಾಡದ ಬದುವಿಲ್ಲ. ನಾನು ಚಿಕ್ಕವನಿದ್ದಾಗ ಆ ಸರಪಳಿ ನಮ್ಮ ನಡುಮನೆಯ ಮೂಲೆಯಲ್ಲಿ ಬಿದ್ದಿರುತ್ತಿತ್ತು. ಮೂವತ್ತಮೂರು ಅಡಿ ಉದ್ದ, ಹದಿನಾರು ಆಣೆ. ಒಂದು ಚದರ ಸರಪಳಿ ಒಂದು ಗುಂಟೆ, ನಲವತ್ತು ಗುಂಟೆ ಒಂದು ಎಕರೆ. ನನಗೆ ಮಗ್ಗಿಗಿಂತ ಮೊದಲು ಬಂದ ಲೆಕ್ಕ ಅದು.

ಅಪ್ಪ ಬರುವ ಎರಡು ವಾರ ಮೊದಲಷ್ಟೇ ನಾವು ಫ್ರೀಮಾಂಟಿನ ಮನೆ ಬಿಟ್ಟು ಸನ್ನಿವೇಲಿಗೆ ಬಂದಿದ್ದೆವು. ಅವರಿಗೆ ನನ್ನ ಹಳೆಯ ಫೋನಿಗೊಂದು ಸಿಮ್ ಹಾಕಿ ಕೊಟ್ಟೆ. ಸೋಫಾದ ಮೇಲೆ ಕೂತು ನಕ್ಷೆಯ ಆ್ಯಪ್ ತೆರೆದು, ನೀಲಿ ಚುಕ್ಕಿಯ ಮೇಲೆ ಬೆರಳೊತ್ತಿ, 'ಇದೇ ಮನೆ' ಎಂದು ಉಳಿಸಿದೆ. "ಅಪ್ಪಾ, ಎಲ್ಲೇ ಹೋಗಿ, ಈ ಮನೆಯ ಚಿತ್ರ ಒತ್ತಿದರೆ ಸಾಕು, ಅದೇ ಕರ್ಕೊಂಡು ಬರುತ್ತೆ" ಎಂದು ಹೇಳಿ ನನ್ನ ಪಾಡಿಗೆ ಆಫೀಸಿಗೆ ಹೋದೆ.

ಮೇ ತಿಂಗಳ ಒಂದು ಮಂಗಳವಾರ. ಅಪ್ಪ ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, "ತಿಂಡಿಗೆ ಬಂದುಬಿಡ್ತೀನಮ್ಮ" ಎಂದು ಸೊಸೆಗೆ ಹೇಳಿ ವಾಕಿಂಗ್ ಹೊರಟವರು ಹತ್ತೂವರೆಯಾದರೂ ಬಂದಿಲ್ಲ. ಫೋನು ಸ್ವಿಚ್ ಆಫ್. ನನ್ನಾಕೆ ಅಪಾರ್ಟ್‌ಮೆಂಟಿನ ಸುತ್ತ, ಲೈಬ್ರರಿಯ ಹತ್ತಿರ, ಪಾರ್ಕಿನಲ್ಲಿ ಎಲ್ಲ ಹುಡುಕಿ ಅಳುದನಿಯಲ್ಲಿ ನನಗೆ ಫೋನ್ ಮಾಡಿದಳು. ಮಾತ್ರೆ ನುಂಗಿದ್ದಾರೆ, ಹೊಟ್ಟೆಗೇನೂ ಬಿದ್ದಿಲ್ಲ. ಸಕ್ಕರೆ ಇಳಿದು ಎಲ್ಲಾದರೂ ತಲೆಸುತ್ತಿ ಬಿದ್ದರೆ?

ನಾನು ಮೌಂಟನ್ ವ್ಯೂನ ಆಫೀಸಿನಿಂದ ಹೊರಡುವಷ್ಟರಲ್ಲಿ ಗೊತ್ತಿಲ್ಲದ ನಂಬರಿನಿಂದ ಕರೆ. ಅಪ್ಪನದೇ ದನಿ! ಅಂಗಿ ಜೇಬಿನ ಪುಟ್ಟ ಡೈರಿಯಲ್ಲಿ ನನ್ನ ನಂಬರು ಬರೆದಿಟ್ಟುಕೊಂಡಿದ್ದರು, ಹಳೆಯ ಕಾಲದವರ ಪುಣ್ಯ. "ಯಾವುದೋ ನಮ್ಮೋರ ದಿನಸಿ ಅಂಗಡೀಲಿದೀನಿ ಕಣೋ. ವಿಳಾಸ ಬರ್ಕೋ" ಎಂದು ಓದಿದರು. ಮೂರು ಸಾವಿರದ ಚಿಲ್ಲರೆ, ಎಲ್ ಕಮಿನೋ ರಿಯಲ್. ಅಷ್ಟರಲ್ಲಿ ಕರೆ ತುಂಡಾಯಿತು. ನಾನು ಆ ನಂಬರನ್ನು ಫೋನಿಗೆ ಹೊಡೆದೆ, ಮೊದಲು ಬಂದ ಉತ್ತರವನ್ನು ಒತ್ತಿದೆ, ಕಾರು ಓಡಿಸಿದೆ. ಅದು ನನ್ನನ್ನು ತಂದು ನಿಲ್ಲಿಸಿದ್ದು ಪಾಲೊ ಆಲ್ಟೊದಲ್ಲಿ, ಒಂದು ಆಫೀಸು ಕಟ್ಟಡದ ಮುಂದೆ. ದಿನಸಿ ಅಂಗಡಿಯೂ ಇಲ್ಲ, ಅಪ್ಪನೂ ಇಲ್ಲ.

ಎಲ್ ಕಮಿನೋದ ಈ ಮಾಯೆ ನಿಮಗೂ ಗೊತ್ತಿರಬೇಕು. ರಸ್ತೆ ಒಂದೇ, ಆದರೆ ಊರು ಬದಲಾದಂತೆ ಮನೆ ನಂಬರು ಹೊಸದಾಗಿ ಶುರುವಾಗುತ್ತದೆ. ಪಾಲೊ ಆಲ್ಟೊದಲ್ಲಿ ಬರೀ ಎಲ್ ಕಮಿನೋ. ಮೌಂಟನ್ ವ್ಯೂಗೆ ಬಂದರೆ ಮೊದಲು ವೆಸ್ಟ್ ಎಲ್ ಕಮಿನೋ, ಆಮೇಲೆ ಈಸ್ಟ್. ಸನ್ನಿವೇಲಿನ ಗಡಿ ದಾಟಿದ ಕೂಡಲೇ ಈಸ್ಟ್ ಹೋಗಿ ಮತ್ತೆ ವೆಸ್ಟ್, ಆಮೇಲೆ ಮತ್ತೆ ಈಸ್ಟ್. ಸಾಂತಾ ಕ್ಲಾರಾದಲ್ಲಿ ಪುನಃ ಬರೀ ಎಲ್ ಕಮಿನೋ. ಮೂರು ಸಾವಿರದ ಚಿಲ್ಲರೆ ನಂಬರು ಪಾಲೊ ಆಲ್ಟೊದಲ್ಲೂ ಇದೆ, ಸಾಂತಾ ಕ್ಲಾರಾದಲ್ಲೂ ಇದೆ. ಊರು ಹೇಳದಿದ್ದರೆ ಆ್ಯಪ್ ಸಾಮಾನ್ಯವಾಗಿ ಹುಡುಕುವವನಿಗೆ ಹತ್ತಿರದ್ದನ್ನು ಮುಂದಿಡುತ್ತದೆ, ಹುಡುಕಬೇಕಾದವನಿಗೆ ಹತ್ತಿರದ್ದನ್ನಲ್ಲ. ನಾನು ಊರಿನ ಹೆಸರು ಹೊಡೆಯಲಿಲ್ಲ, ಪಟ್ಟಿಯಲ್ಲಿ ಎರಡನೆಯ ಉತ್ತರ ಏನಿದೆ ಎಂದು ನೋಡಲೂ ಇಲ್ಲ.

ಆ ಅಂಗಡಿಯ ನಂಬರಿಗೆ ಮತ್ತೆ ಮತ್ತೆ ಹಚ್ಚಿ ಕೊನೆಗೊಮ್ಮೆ ಸಿಕ್ಕಿತು. "ಅಪ್ಪಾ, ಯಾವ ಊರು ಅಂತ ಇದೆ?" "ಬಿಲ್ಲಿನ ಮೇಲೆ ಸಾಂತಾ ಕ್ಲಾರಾ ಅಂತಿದೆಯಪ್ಪ." ನಾನು ಪೂರ್ತಿ ಉಲ್ಟಾ ದಿಕ್ಕಿನಲ್ಲಿದ್ದೆ. ಅಲ್ಲಿಗೆ ತಲುಪಿದಾಗ ಅಪ್ಪ ಸೋನಾಮಸೂರಿ ಮೂಟೆಯ ಮೇಲೆ ಕೂತು ಪಾರ್ಲೆ-ಜಿ ತಿನ್ನುತ್ತಿದ್ದರು. ಅಂಗಡಿಯ ಗುಜರಾತಿ ಯಜಮಾನರು ಒಳಗಿನಿಂದ ಚಹಾ ತಂದುಕೊಟ್ಟಿದ್ದರು. ಅಪ್ಪನ ಕೈ ಸಣ್ಣಗೆ ನಡುಗುತ್ತಿತ್ತು. ನನ್ನದೂ.

ಆ ಸಂಜೆ ನಮ್ಮ ಊಟದ ಮೇಜಿನ ಮೇಲೆ ಅಕ್ಷರಶಃ ಹದ್ದುಬಸ್ತು ನಡೆಯಿತು. ಅಪ್ಪ ಲಾರೆನ್ಸ್ ಎಕ್ಸ್‌ಪ್ರೆಸ್‌ವೇವರೆಗೆ ಎಲ್ ಕಮಿನೋದ ಅಂಗಡಿಗಳನ್ನು ನೋಡುತ್ತಾ ನಡೆದಿದ್ದಾರೆ. ಸಾಕು ಎನಿಸಿದಾಗ ನಾನು ಹೇಳಿಕೊಟ್ಟಂತೆ ಮನೆಯ ಚಿತ್ರ ಒತ್ತಿದ್ದಾರೆ. ಬಾಣ ಹಿಂದಕ್ಕೆ ತೋರಿಸುವ ಬದಲು ಮುಂದಕ್ಕೆ, ಬಡಗಣಕ್ಕೆ ತೋರಿಸಿದೆ. ಸಮಯದ ಜಾಗದಲ್ಲಿ ಐದು ಗಂಟೆ ಹತ್ತು ನಿಮಿಷ ಎಂದಿದ್ದದ್ದು ಕನ್ನಡಕವಿಲ್ಲದ ಕಣ್ಣಿಗೆ ಬರೀ ಹತ್ತು ನಿಮಿಷವಾಗಿ ಕಂಡಿದೆ. "ಒಳದಾರಿ ಇರಬೇಕು, ನೋಡೋಣ" ಎಂದು ಹೊರಟಿದ್ದಾರೆ. ಒಂದು ಗಂಟೆ ನಡೆದ ಮೇಲೆ ಬ್ಯಾಟರಿ ಸತ್ತಿದೆ. ನಕ್ಷೆ, ಪರದೆಯ ಬೆಳಕು, ಉಪಗ್ರಹ ಮೂರೂ ಒಟ್ಟಿಗೆ ನಡೆಯುವಾಗ ಹಳೆಯ ಫೋನಿನ ಬ್ಯಾಟರಿ ಎಷ್ಟು ಹೊತ್ತು ತಾಳೀತು? ಸತ್ತದ್ದೇ ಒಳ್ಳೆಯದಾಯಿತು ಅನ್ನಿ. ಬಾಣ ಮಾಯವಾದ ಮೇಲೆ ಅಪ್ಪ ತಲೆಯೆತ್ತಿ ಸೂರ್ಯನನ್ನು ನೋಡಿ, ಬಂದ ದಾರಿಯಲ್ಲೇ ಎಲ್ ಕಮಿನೋಗೆ ವಾಪಸು ನಡೆದಿದ್ದಾರೆ.

"ಬೇಸ್ ಪಾಯಿಂಟ್ ನೋಡು" ಎಂದರು ಅಪ್ಪ. ಫೋನ್ ಚಾರ್ಜ್ ಮಾಡಿ ನೋಡಿದರೆ ಉಳಿಸಿದ್ದ 'ಮನೆ' ಇದ್ದದ್ದು ಫ್ರೀಮಾಂಟಿನಲ್ಲಿ, ನಾವು ಬಿಟ್ಟುಬಂದ ಮನೆಯಲ್ಲಿ!

ಇದೇನು ಭೂತಚೇಷ್ಟೆ ಎಂದು ಬಿಡಿಸಿ ನೋಡಿದಾಗ ಸಿಕ್ಕಿಬಿದ್ದದ್ದು ಮೂಲೆಯಲ್ಲಿ ಹಸಿರು ದೀಪ ಮಿನುಗಿಸುತ್ತಿದ್ದ ವೈಫೈ ರೌಟರ್. ಉಪಗ್ರಹಗಳು ಇಪ್ಪತ್ತು ಸಾವಿರ ಕಿಲೋಮೀಟರ್ ಮೇಲಿವೆ, ಅವುಗಳ ಕ್ಷೀಣ ದನಿ ಮನೆಯೊಳಗೆ ಸರಿಯಾಗಿ ಕೇಳುವುದಿಲ್ಲ. ಆಗ ಫೋನು ಅಕ್ಕಪಕ್ಕದ ವೈಫೈ ರೌಟರ್‌ಗಳ ಗುರುತು ನೋಡಿ, ಆ ಗುರುತು ಹಿಂದೆ ಎಲ್ಲಿ ಕಂಡಿತ್ತು ಎಂಬ ದಾಖಲೆಯಿಂದ ತನ್ನ ಜಾಗ ಊಹಿಸುತ್ತದೆ. ನಾವು ರೌಟರನ್ನು ಡಬ್ಬದಲ್ಲಿ ಹಾಕಿಕೊಂಡು ಹೊಸ ಮನೆಗೆ ತಂದೆವು. ದಾಖಲೆಯ ಪ್ರಕಾರ ಅದಿನ್ನೂ ಫ್ರೀಮಾಂಟಿನಲ್ಲೇ ಇತ್ತು. ಮನೆ ಬದಲಿಸಿದ ಯಾರಿಗೇ ಆಗಲಿ ಇದು ಆಗಬಹುದು. ಓಡಾಡುವ ಫೋನುಗಳು ಹೊಸ ಜಾಗವನ್ನು ವರದಿ ಮಾಡಿದಂತೆ ನಿಧಾನವಾಗಿ ಸರಿಹೋಗುತ್ತದೆ. ಅಲ್ಲಿಯವರೆಗೆ ಮನೆಯನ್ನು ಚುಕ್ಕಿಯಿಂದ ಉಳಿಸಬಾರದು, ವಿಳಾಸ ಬರೆದು ಉಳಿಸಬೇಕು. ಚುಕ್ಕಿಯಿಂದಲೇ ಉಳಿಸಬೇಕೆಂದರೆ ಅಂಗಳಕ್ಕೆ ಬಂದು, ಆಕಾಶ ಕಾಣುವ ಕಡೆ ಒಂದು ನಿಮಿಷ ನಿಂತು, ಆಮೇಲೆ ಒತ್ತಬೇಕು. ಚುಕ್ಕಿಯ ಸುತ್ತ ತಿಳಿನೀಲಿ ವೃತ್ತವೊಂದು ಕಾಣುತ್ತದಲ್ಲ, ಅದು ಅಲಂಕಾರವಲ್ಲ. 'ನಾನು ಇದರೊಳಗೆ ಎಲ್ಲೋ ಇದ್ದೇನೆ, ಎಲ್ಲಿ ಎಂದು ಖಾತ್ರಿಯಿಲ್ಲ' ಎಂದು ಫೋನು ಒಪ್ಪಿಕೊಳ್ಳುತ್ತಿರುವುದು. ವೃತ್ತ ದೊಡ್ಡದಿದ್ದಷ್ಟೂ ಅನುಮಾನ ಹೆಚ್ಚು.

ಅಪ್ಪನಿಗೆ ನನ್ನ ಮೇಲೆ ಸಿಟ್ಟು ಬರಲಿಲ್ಲ. ಬದಲಿಗೆ ಬಹಳ ದಿನದ ಮೇಲೆ ಕೆಲಸ ಸಿಕ್ಕವರಂತೆ ಹುರುಪು ಬಂತು. ವಿಲಿಯಂ ಲ್ಯಾಂಬ್ಟನ್ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ 1802ರಲ್ಲಿ ಅಳೆದ ರೇಖೆಯ ಕತೆ ಅವರಿಗೆ ಬಾಯಿಪಾಠ. ಅದಕ್ಕೂ ಮೊದಲು, 1800ರಲ್ಲಿ, ಅದೇ ಲ್ಯಾಂಬ್ಟನ್ ಮೈಸೂರು ಸೀಮೆಯ ಸರ್ವೆಗಾಗಿ ನಮ್ಮ ಬೆಂಗಳೂರಿನ ಬಳಿ ಏಳೂವರೆ ಮೈಲಿಯಷ್ಟು ಉದ್ದದ ಆಧಾರ ರೇಖೆ ಅಳೆದಿದ್ದ ಎಂದು ಹೇಳದೆ ಅವರು ಬಿಡುವವರಲ್ಲ. "ಅವನು ವಾರಗಟ್ಟಲೆ ಸರಪಳಿ ಹಿಡ್ಕೊಂಡು ಕೂತಿದ್ದು ಯಾಕೆ? ಬುಡ ಸರಿಯಿದ್ರೆ ಮಿಕ್ಕಿದ್ದನ್ನ ಲೆಕ್ಕದಲ್ಲಿ ಹಿಡೀಬಹುದು. ನೀನು ಸೋಫಾ ಮೇಲೆ ಕೂತು ಬುಡ ಹಾಕ್ದೆ." ಅವರ ವಾದ ಇಷ್ಟು: ನಕ್ಷೆ ತಪ್ಪಿತು ಎಂದು ಒಟ್ಟಾರೆ ಬೈದರೆ ಪ್ರಯೋಜನವಿಲ್ಲ. ನಾನೆಲ್ಲಿದ್ದೇನೆ ಎಂಬುದು ತಪ್ಪಿತೋ, ಕೆಳಗಿನ ಚಿತ್ರ ತಪ್ಪಿತೋ, ಹೆಸರು ತಪ್ಪಿತೋ, ತೋರಿಸಿದ ದಾರಿ ತಪ್ಪಿತೋ, ಮೊದಲು ಅದನ್ನು ಬೇರೆ ಮಾಡು. ಸಾಫ್ಟ್‌ವೇರಿನಲ್ಲಿ ನಾವು ಮಾಡುವುದೂ ಅದನ್ನೇ, ಆದರೆ ಸಂಬಳ ಕೊಟ್ಟರೆ ಮಾತ್ರ!

ಅಲ್ಲಿಂದ ಮುಂದಿನ ಐದು ತಿಂಗಳು ನಮ್ಮ ವಾರಾಂತ್ಯದ ಪ್ರವಾಸಗಳೆಲ್ಲ ತಪ್ಪು ಹುಡುಕುವ ಪ್ರವಾಸಗಳಾದವು. ಗೋಲ್ಡನ್ ಗೇಟ್ ಸೇತುವೆಯನ್ನು ಎಲ್ಲರೂ ನೋಡುತ್ತಾರೆ. ಅಪ್ಪನಿಗೆ ಅದಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ಬರ್ಕ್ಲಿ ಮತ್ತು ಎಮರಿವಿಲ್ ನಡುವಿನ ಫ್ರೀವೇ. ಅಲ್ಲಿ ಒಂದೇ ರಸ್ತೆಯ ಒಂದೇ ಬದಿಗೆ 80 ಈಸ್ಟ್ ಎಂದೂ 580 ವೆಸ್ಟ್ ಎಂದೂ ಎರಡು ಫಲಕಗಳಿವೆ. ಕಾರು ಹೋಗುತ್ತಿರುವುದು ಉತ್ತರಕ್ಕೆ. ಅಪ್ಪ ಕಿಸೆಯಿಂದ ದಿಕ್ಸೂಚಿ ತೆಗೆದು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಫ್ರೀವೇಯ ಪೂರ್ವ ಪಶ್ಚಿಮಗಳು ಒಟ್ಟು ರಸ್ತೆಯ ಹೆಸರಿನ ಭಾಗ, ನೆಲದ ದಿಕ್ಕಲ್ಲ. ನಮ್ಮ ಸನ್ನಿವೇಲಿನಲ್ಲಿ 101 ನಾರ್ತ್ ಹಿಡಿದರೂ ಕಾರಿನ ಮೂತಿ ಹೆಚ್ಚುಕಡಿಮೆ ಪಶ್ಚಿಮಕ್ಕೇ ಇರುತ್ತದೆ.

ಸ್ಯಾನ್ ಫ್ರಾನ್ಸಿಸ್ಕೋದ ಫೈನಾನ್ಶಿಯಲ್ ಡಿಸ್ಟ್ರಿಕ್ಟಿನಲ್ಲಿ ನೀಲಿ ಚುಕ್ಕಿ ಕಪ್ಪೆಯಂತೆ ಒಂದು ಬೀದಿಯಿಂದ ಇನ್ನೊಂದಕ್ಕೆ ಕುಪ್ಪಳಿಸಿತು. ಆ ವರ್ಷವೇ ತೆರೆದಿದ್ದ 61 ಮಹಡಿಯ ಸೇಲ್ಸ್‌ಫೋರ್ಸ್ ಟವರಿನಂಥ ಗಾಜಿನ ಗೋಡೆಗಳಿಗೆ ಉಪಗ್ರಹದ ಸಂಕೇತ ಬಡಿದು, ಸುತ್ತಿ ಬಳಸಿ ಫೋನಿಗೆ ಬರುತ್ತದೆ. ತಡವಾಗಿ ಬಂದದ್ದನ್ನು ಫೋನು 'ದೂರದಿಂದ ಬಂದದ್ದು' ಎಂದು ಎಣಿಸಿ ನಮ್ಮನ್ನು ಪಕ್ಕದ ಬೀದಿಗೆ ನೂಕುತ್ತದೆ. ಅಪ್ಪನಿಗೆ ಒಂದೇ ಮಾತಿನಲ್ಲಿ ಅರ್ಥವಾಯಿತು: "ಬಾವಿಯೊಳಗೆ ಕೂಗಿದ ಹಾಗೆ." ಅಂಥ ಕಡೆ ಬೀದಿ ಮೂಲೆಯ ಫಲಕ ಓದುವುದೇ ಉತ್ತಮ. ಬಾಣ ಎತ್ತೆತ್ತಲೋ ತಿರುಗುತ್ತಿದ್ದರೆ ಅದು ಬೇರೆ ಕಾಯಿಲೆ, ಫೋನಿನ ದಿಕ್ಸೂಚಿಯದು. ಅಯಸ್ಕಾಂತವಿರುವ ಫೋನಿನ ಕವರ್ ಕಳಚಿ, ಫೋನನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ಆಡಿಸಿದರೆ ಬಹುಪಾಲು ಗುಣವಾಗುತ್ತದೆ. ಮಾರ್ಕೆಟ್ ಸ್ಟ್ರೀಟಿನ ಮಧ್ಯೆ ಅಪ್ಪ ಹಾಗೆ ಮಂಗಳಾರತಿ ಎತ್ತಿದ್ದನ್ನು ನನ್ನ ಮಗಳು ವಿಡಿಯೋ ಮಾಡಿ ಇಟ್ಟುಕೊಂಡಿದ್ದಾಳೆ.

ಊರಿನ ಹೆಸರಿನದು ಬೇರೆಯೇ ಕತೆ. ಅಲ್ಲಿ ಥರ್ಡ್ ಸ್ಟ್ರೀಟ್ ಬೇರೆ, ಥರ್ಡ್ ಅವೆನ್ಯೂ ಬೇರೆ. ಒಂದು ನಗರದ ಈ ಕಡೆ, ಇನ್ನೊಂದು ಆ ಕಡೆ. ಬೆಂಗಳೂರಿನಲ್ಲಿ ಬಡಾವಣೆಯ ಹೆಸರು ಹೇಳದೆ ನಾಲ್ಕನೇ ಮೇನ್ ಏಳನೇ ಕ್ರಾಸ್ ಹುಡುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2018ರಲ್ಲೇ ರಿಂಕನ್ ಹಿಲ್ ಸುತ್ತಿನ ಪ್ರದೇಶಕ್ಕೆ ಗೂಗಲ್ ನಕ್ಷೆಯಲ್ಲಿ 'ಈಸ್ಟ್ ಕಟ್' ಎಂಬ ಹೆಸರು ಕಂಡು ಹಳೆಯ ನಿವಾಸಿಗಳು ಗೊಣಗಿದ ಸುದ್ದಿ ಪೇಪರಿನಲ್ಲಿ ಬಂದಿತ್ತು. ಸ್ಥಳೀಯ ಸಂಘವೊಂದು ಹಿಂದಿನ ವರ್ಷ ಇಟ್ಟ ಹೊಸ ಹೆಸರದು. ನಕ್ಷೆಗೆ ಬಂದ ಮೇಲೆ ಹೆಸರು ಹುಟ್ಟಿನಿಂದಲೇ ಇದ್ದಂತೆ ಕಾಣುತ್ತದೆ.

ಮಗಳು ಒಂದು ಸಂಜೆ ಶಾಲೆಯ ಹೋಂವರ್ಕಿಗೆಂದು ನಮ್ಮ ಮನೆಯ ಅಕ್ಷಾಂಶ ರೇಖಾಂಶ ಹೊಡೆದಳು, 37.37, 122.03. ಪಿನ್ ಹೋಗಿ ಬಿದ್ದದ್ದು ಚೀನಾದ ಶಾಂಡಾಂಗ್ ಪ್ರಾಂತ್ಯದ ವೇಹಾಯ್ ಬಳಿ! "ತಾತಾ, ವಿ ಲಿವ್ ಇನ್ ಚೈನಾ!" ಗ್ರೀನಿಚ್‌ನಿಂದ ಪಶ್ಚಿಮಕ್ಕಿರುವ ರೇಖಾಂಶಕ್ಕೆ ಹಿಂದೆ ಮೈನಸ್ ಹಾಕಬೇಕು, ಅವಳು ಅದನ್ನು ಬಿಟ್ಟಿದ್ದಳು. "ಒಂದು ಗೀಟು ಮರೆತದ್ದಕ್ಕೆ ಪೆಸಿಫಿಕ್ ಸಮುದ್ರವನ್ನೇ ದಾಟಿಬಿಟ್ಟೆಯಲ್ಲೇ ಪುಟ್ಟಿ" ಎಂದರು ತಾತ.

ಮಿಷನ್ ಪೀಕ್ ಹತ್ತಿದ ದಿನದ್ದನ್ನೂ ಹೇಳಬೇಕು. ಅಪ್ಪ ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕ ಯುಎಸ್‌ಜಿಎಸ್ ಕಾಗದದ ನಕ್ಷೆ ತಂದಿದ್ದರು. ಅದರಲ್ಲಿ ಓದಿದ ಜಾಗವೂ ಫೋನು ತೋರಿಸಿದ್ದೂ ನೂರು ಮೀಟರಿನ ಹತ್ತಿರ ಬೇರೆಯಾದವು. ನಾನು ಜಿಪಿಎಸ್ ಕೆಟ್ಟಿದೆ ಎಂದೆ. ಅಪ್ಪ ಹಾಳೆಯ ಮೂಲೆಯ ಸಣ್ಣಕ್ಷರ ತೋರಿಸಿದರು: ನಾರ್ತ್ ಅಮೆರಿಕನ್ ಡೇಟಮ್, 1927. ಭೂಮಿ ಯಾವ ಆಕಾರದ್ದು, ಎಲ್ಲಿಂದ ಅಳೆಯಬೇಕು ಎಂದು 1927ರಲ್ಲಿ ಹಿಡಿದ ಲೆಕ್ಕ ಒಂದು, ಇವತ್ತಿನ ಜಿಪಿಎಸ್ ಲೆಕ್ಕ ಇನ್ನೊಂದು. ಎರಡೂ ಸರಿ. ಬೆರೆಸಿದ್ದು ಮಾತ್ರ ತಪ್ಪು. ಕೈಯಲ್ಲಿ ಹಿಡಿಯುವ ಜಿಪಿಎಸ್ ಸಾಧನವಿದ್ದರೆ ಸೆಟ್ಟಿಂಗಿನಲ್ಲಿ ಡೇಟಮ್ ಬದಲಿಸಿ ಕಾಗದಕ್ಕೆ ಹೊಂದಿಸಿಕೊಳ್ಳಬಹುದು.

ಇಷ್ಟೆಲ್ಲ ಕಲಿತ ಮೇಲೂ ಸೆಪ್ಟೆಂಬರಿನಲ್ಲಿ ನಾನು ಇನ್ನೊಂದು ಎಡವಟ್ಟು ಮಾಡಿದೆ. ಮೌಂಟ್ ಹ್ಯಾಮಿಲ್ಟನ್ ಮೇಲಿನ ಲಿಕ್ ವೀಕ್ಷಣಾಲಯಕ್ಕೆ ಹೋಗಿದ್ದೆವು. 1888ರಲ್ಲಿ ಕೆಲಸ ಶುರು ಮಾಡಿದ 36 ಇಂಚಿನ ದೂರದರ್ಶಕವನ್ನು ಅಪ್ಪ ದೇವರ ಮೂರ್ತಿಯನ್ನು ನೋಡುವಂತೆ ನೋಡಿದರು. ಅದಕ್ಕೆ ದುಡ್ಡು ಕೊಟ್ಟ ಜೇಮ್ಸ್ ಲಿಕ್‌ನ ಸಮಾಧಿಯೂ ಅದರ ಬುಡದಲ್ಲೇ ಇದೆ. ಸ್ಯಾನ್ ಹೋಸೆಯಿಂದ ಮೇಲೆ ಹತ್ತುವ ರಸ್ತೆಗೆ ವರ್ಷದ ದಿನಗಳಷ್ಟು, ಮುನ್ನೂರ ಅರವತ್ತೈದು ತಿರುವು ಎನ್ನುವುದು ಇಲ್ಲಿಯವರ ಮಾತು. ನನ್ನಾಕೆಯ ಹೊಟ್ಟೆ ಅದನ್ನು ಪೂರ್ತಿ ಎಣಿಸಿತ್ತು. ಮತ್ತೆ ಅದೇ ದಾರಿ ಬೇಡ, ಲಿವರ್‌ಮೋರಿನ ಶಿವವಿಷ್ಣು ದೇವಸ್ಥಾನಕ್ಕೆ ಹೋಗಿ ಬರೋಣ ಎಂದಳು. ಆ್ಯಪ್ ಬೆಟ್ಟದ ಹಿಂದಿನಿಂದ ಒಂದು ದಾರಿ ತೋರಿಸಿತು. ಪರದೆಯ ಮೇಲೆ ಅಂಗೈಯಷ್ಟು ದೂರ. ಹೊರಟೆವು.

ಕೆಲವೇ ಮೈಲಿಯಲ್ಲಿ ಫೋನಿನ ಸಿಗ್ನಲ್ ಹೋಯಿತು. ಮಧ್ಯೆ ಯಾವುದೋ ತಿರುವಿನಲ್ಲಿ ನಾನು ಆ್ಯಪನ್ನು ಮುಚ್ಚಿ ಮತ್ತೆ ತೆರೆದೆ, ಅದೇ ದೊಡ್ಡ ತಪ್ಪು. ಇದ್ದ ನಕ್ಷೆಯೂ ಅಳಿಸಿ ಹೋಗಿ ಬಿಳೀ ಚೌಕಗಳು ಉಳಿದವು. ಓಕ್ ಮರ, ಒಣಹುಲ್ಲು, ಅಲ್ಲೊಂದು ಇಲ್ಲೊಂದು ದನ, ಎದುರಿಗೆ ಒಂದೂ ಕಾರಿಲ್ಲ. ಆಗ ನೋಡಿದರೆ ಪೆಟ್ರೋಲಿನ ಮುಳ್ಳು ಕಾಲು ಭಾಗಕ್ಕಿಂತ ಕೆಳಗೆ. ಆ ದಾರಿಯಲ್ಲಿ ಬಂಕೇ ಇಲ್ಲ. ಹಿಂದಿನ ಸೀಟಿನಲ್ಲಿ ಮಗಳು ಸುಮ್ಮನಾದಳು. ವಾಪಸು ಹೋಗುವುದೋ, ಮುಂದೆ ಹೋಗುವುದೋ?

ಅಪ್ಪ ಫೋನನ್ನು ಕೈಗೆ ತೆಗೆದುಕೊಂಡು ನೋಡಿದರು. "ಗಾಬರಿಯಾಗ್ಬೇಡ. ಚುಕ್ಕಿ ಇದೆ ನೋಡು, ಚಲಿಸ್ತಾನೂ ಇದೆ. ಹೋಗಿರೋದು ನಕ್ಷೆ ಮಾತ್ರ."

ನಿಜವೇ. ಜಿಪಿಎಸ್ ಎಂದರೆ ರೇಡಿಯೋ ಕೇಳಿದ ಹಾಗೆ. ಉಪಗ್ರಹ ಹೇಳುತ್ತದೆ, ಫೋನು ಕೇಳಿಸಿಕೊಳ್ಳುತ್ತದೆ, ಅದಕ್ಕೆ ಟವರ್ ಬೇಕಾಗಿಲ್ಲ. ಟವರ್ ಬೇಕಾದದ್ದು ಚುಕ್ಕಿಯ ಕೆಳಗೆ ಹಾಸುವ ಚಿತ್ರವನ್ನು ತರಿಸಲು. ಹೊರಡುವ ಮುಂಚೆ ಮನೆಯ ವೈಫೈನಲ್ಲಿ ಆ ಪ್ರದೇಶದ ನಕ್ಷೆಯನ್ನು ಫೋನಿಗೆ ಇಳಿಸಿಟ್ಟುಕೊಂಡಿದ್ದರೆ ಸಾಕಿತ್ತು, ಎರಡು ನಿಮಿಷದ ಕೆಲಸ. ಯೊಸೆಮಿಟಿಗೋ ಬಿಗ್ ಸರ್‌ಗೋ ಹೋಗುವಾಗ ಚಪಾತಿ ಪಲ್ಯ ಕಟ್ಟಲು ಮರೆಯದ ನಾವು ಇದನ್ನು ಮರೆಯುತ್ತೇವೆ.

ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಎಂದೋ ಎಎಎಯವರು ಕೊಟ್ಟ ಕಾಗದದ ನಕ್ಷೆ ಮಡಿಕೆ ಬಿಚ್ಚದೆ ಬಿದ್ದಿತ್ತು. ಅಪ್ಪ ಅದನ್ನು ತೊಡೆಯ ಮೇಲೆ ಹರಡಿ, "ಬೆಟ್ಟದ ಮೇಲೆ ಹೊರಟಾಗ ಮೈಲಿ ಎಷ್ಟಿತ್ತು?" ಎಂದರು. ಅದೃಷ್ಟಕ್ಕೆ ಮಗಳು ತಿರುವು ಎಣಿಸುವ ಆಟಕ್ಕೆಂದು ಟ್ರಿಪ್ ಮೀಟರನ್ನು ಸೊನ್ನೆ ಮಾಡಿದ್ದಳು. ಓಡಿದ ಮೈಲಿ, ಬಂದ ತಿರುವಿನ ದಿಕ್ಕು, ನಕ್ಷೆಯ ಅಳತೆ, ಮೂರನ್ನೂ ಸೇರಿಸಿ ಬೆರಳಿಟ್ಟು ಹೇಳಿದರು: "ಇಲ್ಲಿದೀವಿ. ಇನ್ನು ನಾಲ್ಕೈದು ಮೈಲಿಗೆ ಮೂರು ರಸ್ತೆ ಕೂಡುತ್ತೆ. ಬಲಕ್ಕೆ ಹೋದರೆ ಪ್ಯಾಟರ್ಸನ್, ಬೇರೆ ಕಡೆ. ನಮಗೆ ಮೈನ್ಸ್ ರೋಡು. ಅಲ್ಲಿಂದ ಲಿವರ್‌ಮೋರಿಗೆ ಮೂವತ್ತು ಮೈಲಿ ಒಳಗೆ. ಪೆಟ್ರೋಲ್ ಸಾಕು. ಏಸಿ ಆರಿಸು." ಐದನೆಯ ಮೈಲಿ ತುಂಬುವ ಮೊದಲೇ ಕೂಡುರಸ್ತೆಯ ಫಲಕ ಬಂತು. ಮೈನ್ಸ್ ರೋಡ್ ಎಂದು ಓದಿದಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಅಪ್ಪ ಮಾತ್ರ ಕನ್ನಡಕ ಒರೆಸಿಕೊಂಡರು.

ತಮಾಷೆ ಏನೆಂದರೆ ನಮ್ಮ ಬೇ ಏರಿಯಾದಲ್ಲಿ ಕಾರಿನೊಳಗಿನ ಡಿಜಿಟಲ್ ನಕ್ಷೆ ಶುರುವಾದದ್ದೇ ಅಪ್ಪನ ಈ ವಿಧಾನದಿಂದ. ಮೆನ್ಲೋ ಪಾರ್ಕಿನ ಈಟ್ಯಾಕ್ ಎಂಬ ಕಂಪನಿ 1985ರಲ್ಲಿ ಮಾರಿದ ಯಂತ್ರಕ್ಕೆ ಜಿಪಿಎಸ್ ಇರಲಿಲ್ಲ. ಚಕ್ರ ಎಷ್ಟು ಉರುಳಿತು, ದಿಕ್ಸೂಚಿ ಯಾವ ಕಡೆ ತಿರುಗಿತು ಎಂದು ಲೆಕ್ಕ ಹಾಕಿ, ಅದನ್ನು ನಕ್ಷೆಯ ರಸ್ತೆಗೆ ಹೊಂದಿಸಿ, ಪುಟ್ಟ ಹಸಿರು ಪರದೆಯ ಮೇಲೆ ಕಾರಿನ ಜಾಗ ತೋರಿಸುತ್ತಿತ್ತು. ನಕ್ಷೆ ಇದ್ದದ್ದು ಟೇಪಿನ ಕ್ಯಾಸೆಟ್‌ಗಳಲ್ಲಿ, ದೂರ ಹೋದರೆ ಕ್ಯಾಸೆಟ್ ಬದಲಿಸಬೇಕಿತ್ತು. ಈಗಲೂ ಸುರಂಗದೊಳಗೆ ಜಿಪಿಎಸ್ ಹೋದಾಗ ಎಷ್ಟೋ ಕಾರುಗಳು ಚಕ್ರದ ಲೆಕ್ಕವನ್ನೇ ಹಿಡಿಯುತ್ತವೆ. ಜಿಪಿಎಸ್ ಕೂಡ ಜನಸಾಮಾನ್ಯರಿಗೆ ನಿಖರವಾಗಿ ಸಿಕ್ಕಿದ್ದು 2000ದ ಮೇ ತಿಂಗಳಿನಿಂದ. ಅದಕ್ಕೆ ಮುಂಚೆ ಅಮೆರಿಕದ ಸರ್ಕಾರವೇ ಬೇಕೆಂದು ನೂರು ಮೀಟರಿನಷ್ಟು ಕಲಬೆರಕೆ ಮಾಡುತ್ತಿತ್ತು. ನಾವು ಬಂದ ಮೊದಲ ವರ್ಷ ಫೋನಿನಲ್ಲಿ ಚುಕ್ಕಿ ಇದ್ದಿದ್ದರೂ ಅದು ನಮ್ಮನ್ನು ಪಕ್ಕದ ಬೀದಿಯಲ್ಲಿ ನಿಲ್ಲಿಸುತ್ತಿತ್ತು ಎಂದಾಯಿತು.

ಅಪ್ಪ ಊರಿಗೆ ಹೋದರು. ಮರುವರ್ಷ ಡಿಸೆಂಬರಿನಲ್ಲಿ ನಾವು ಹೋಗುವುದೆಂದು ಗೊತ್ತಾಯಿತು. ವಿಮಾನ ಇಳಿಯುವುದು ನಡುರಾತ್ರಿ, ಟ್ಯಾಕ್ಸಿಯವನಿಗೆ ಕಳಿಸಲು ಮನೆಯ ಪಿನ್ ಬೇಕು. ಆ್ಯಪಿನಲ್ಲಿ ನಮ್ಮ ಹಳ್ಳಿಯ ಹೆಸರು ಹೊಡೆದರೆ ಅದೇ ಹೆಸರಿನ ಊರು ಮೂರು ಕಡೆ ಬಂತು, ಕಾಗುಣಿತ ಒಂದೊಂದರದೂ ಒಂದೊಂದು ಥರ. ಅಪ್ಪನನ್ನೇ ಕೇಳಿದೆ. ಅವರು ಅಂಗಳದಲ್ಲಿ ನಿಂತು ಅಂಕಿ ಓದಿ ಫೋನಿನಲ್ಲೇ ಹೇಳಿದರು. ಹದಿಮೂರು ಹದಿನಾರು, ಎಪ್ಪತ್ತಾರು ಇಪ್ಪತ್ತೊಂಬತ್ತು. ನಾನು ಗಡಿಬಿಡಿಯಲ್ಲಿ ಹಿಂದುಮುಂದಾಗಿ ಹೊಡೆದೆ. ಪಿನ್ ಬಿದ್ದದ್ದು ಉತ್ತರ ಧ್ರುವದ ಕಡೆ, ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರದಲ್ಲಿ. ಅದಲು ಬದಲು ಮಾಡಿ 13.16, 76.29 ಎಂದೆ. ಈ ಬಾರಿ ಕರ್ನಾಟಕಕ್ಕೇನೋ ಬಂತು, ಆದರೆ ತುಮಕೂರು ಜಿಲ್ಲೆ ಬಿಟ್ಟು ಹಾಸನ ಜಿಲ್ಲೆಯೊಳಗೆ, ಮನೆಯಿಂದ ಇಪ್ಪತ್ತು ಕಿಲೋಮೀಟರಿಗೂ ಆಚೆ.

"ಅಪ್ಪಾ, ಹಾಸನ ತೋರಿಸ್ತಿದೆ."

"ಹದಿನಾರು ಅಂದಿದ್ದು ಮಿನಿಟ್ಸು ಕಣೋ. ಅರವತ್ತರಿಂದ ಭಾಗಿಸಿದೆಯಾ?"

ಭಾಗಿಸಿರಲಿಲ್ಲ. ಡಿಗ್ರಿಯ ಮುಂದಿನ ಹದಿನಾರು ಮಿನಿಟು ಎಂದರೆ ದಶಮಾಂಶದಲ್ಲಿ ಹದಿನಾರಲ್ಲ, ಇಪ್ಪತ್ತೇಳರ ಹತ್ತಿರ. ಆಮೇಲೆ ಸೆಕೆಂಡುಗಳನ್ನೂ ಕೇಳಿ ಬರೆದುಕೊಂಡು ಮತ್ತೆ ಹೊಡೆದೆ. ಪರದೆಯ ಮೇಲೆ ನಮ್ಮ ಕೆರೆ ಬಂತು, ಏರಿ ಬಂತು, ತೆಂಗಿನ ತೋಟ ಬಂತು, ಕೆಂಪು ಹೆಂಚಿನ ಮಾಡು ಬಂತು. ಹಿತ್ತಲಲ್ಲಿ ದೊಡ್ಡ ಹುಣಸೆಮರದ ನೆರಳೂ ಇತ್ತು.

"ಅಪ್ಪಾ, ಹುಣಸೆಮರ ಬಿತ್ತು ಅಂದಿದ್ರಿ, ಇಲ್ಲಿ ಹಾಗೇ ಇದೆಯಲ್ಲ!"

"ಅದು ಹಳೇ ಫೋಟೋ. ಮರ ಬಿದ್ದು ಎರಡು ಮಳೆಗಾಲ ಆಯ್ತು. ನಕ್ಷೆಗೆ ತಾರೀಖು ಇರುತ್ತೆ, ಅದನ್ನ ನೋಡ್ಬೇಕು ಮೊದಲು. ಪಿನ್ ಎಲ್ಲಿ ಬಿತ್ತು, ಅದನ್ನ ಹೇಳು."

ದೊಡ್ಡದು ಮಾಡಿ ನೋಡಿದೆ. "ಬಾವಿಯ ಮೇಲೆ ಬಿದ್ದ ಹಾಗಿದೆ."

ಅಪ್ಪ ಒಂದು ಕ್ಷಣ ಸುಮ್ಮನಿದ್ದರು. ಚಪ್ಪಲಿಯ ಸದ್ದು ಕೇಳಿಸಿತು, ಎಣಿಸುತ್ತಿದ್ದದ್ದೂ ಸಣ್ಣಗೆ ಕೇಳಿಸಿತು.

"ಬಾಗಿಲು ಅಲ್ಲಿಂದ ಹನ್ನೆರಡು ಹೆಜ್ಜೆ ಪಡುವಣಕ್ಕಿದೆ" ಎಂದರು. "ಟ್ಯಾಕ್ಸಿಯೋನಿಗೆ ಬಾವಿ ತನಕ ಬರೋಕೆ ಹೇಳು ಸಾಕು. ಲೈಟ್ ಹಾಕ್ಕೊಂಡು ನಾನೇ ಕಾಯ್ತಿರ್ತೀನಿ."